ಯಾರ ದನಿ ಕೇಳಿಸಬೇಕು?

ಈ ಪುಟಗಳಲ್ಲಿ ಪುಸ್ತಕ ವಿಮರ್ಶೆ ಎಂದರೆ ಸಾಮಾನ್ಯವಾಗಿ ಸಂತರ ಜೀವನಚರಿತ್ರೆಯೋ ಧ್ಯಾನಬರಹಗಳ ಸಂಕಲನವೋ ಆಗಿರುತ್ತದೆ. ಇಂದು ನಾನು ತಮ್ಮ ಮುಂದಿಡುತ್ತಿರುವುದು ಪ್ರಕಟವಾಗಿ ಮೂವತ್ತು ವರ್ಷ ದಾಟಿದ, ಇಂಗ್ಲಿಷಿನಲ್ಲಿರುವ, ತಮ್ಮಲ್ಲಿ ಬಹುಮಂದಿ ಹೆಸರನ್ನೂ ಕೇಳಿರದ ಒಂದು ಪುಸ್ತಕ. ಅದನ್ನು ನನ್ನ ಕೈಗಿತ್ತವರು ನಮ್ಮ ಧರ್ಮಕೇಂದ್ರದ ಒಬ್ಬ ತಾಯಿ. ಅವರ ಮಗನಿಗೆ ಆಗ ನಾಲ್ಕು ವರ್ಷ. ಮಾತು ಬಂದಿರಲಿಲ್ಲ. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಬಲಿಪೂಜೆಯುದ್ದಕ್ಕೂ ದೇವಾಲಯದ ಫ್ಯಾನು ತಿರುಗುವುದನ್ನೇ ನೋಡುತ್ತಿದ್ದು, ಗಂಟೆ ಬಾರಿಸಿದೊಡನೆ ಕಿವಿ ಮುಚ್ಚಿಕೊಂಡು ಚೀರುತ್ತಿದ್ದ. ಬೆಂಗಳೂರಿನ ವೈದ್ಯರು ಆಟಿಸಂ ಎಂದಿದ್ದರು. ನ್ಯೂಜೆರ್ಸಿಯಲ್ಲಿ ನೆಲೆಸಿರುವ ಆಕೆಯ ಅಕ್ಕ ಈ ಪುಸ್ತಕವನ್ನು ಅಂಚೆಯಲ್ಲಿ ಕಳುಹಿಸಿದ್ದರು. "ಫಾದರ್, ಇಷ್ಟೊಂದು ಇಂಗ್ಲಿಷ್ ನನಗೆ ಓದೋಕಾಗಲ್ಲ. ನೀವು ಓದಿ ಹೇಳಿ, ಇದನ್ನ ನಾವು ಮನೇಲಿ ಮಾಡಬಹುದಾ?" ಎಂದು ಕೇಳಿದರು.

ಆ ಪ್ರಶ್ನೆಗೆ ನಾನು ಒಮ್ಮೆ ಉತ್ತರ ಕೊಟ್ಟೆ. ಅರ್ಧ ತಿಳಿದು ಕೊಟ್ಟೆ. ಈ ಬರಹ ನನ್ನ ಎರಡನೆಯ ಉತ್ತರ.

ಪುಸ್ತಕದ ಹೆಸರು 'ಲೆಟ್ ಮಿ ಹಿಯರ್ ಯುವರ್ ವಾಯ್ಸ್'. 1993ರಲ್ಲಿ ನ್ಯೂಯಾರ್ಕಿನಲ್ಲಿ ಪ್ರಕಟವಾಯಿತು. ಲೇಖಕಿ ಕ್ಯಾಥರೀನ್ ಮೊರೀಸ್. ಇದು ಮಕ್ಕಳ ಗುರುತು ಬಯಲಾಗದಿರಲೆಂದು ಇಟ್ಟುಕೊಂಡ ಹೆಸರು. ಫ್ರೆಂಚ್ ಸಾಹಿತ್ಯದಲ್ಲಿ ಡಾಕ್ಟರೇಟ್ ಪಡೆದ ಈ ಕಥೋಲಿಕ ತಾಯಿಯ ಮಗಳಿಗೆ ಎರಡು ವರ್ಷ ತುಂಬುವ ಆಸುಪಾಸಿನಲ್ಲಿ ಆಟಿಸಂ ಎಂಬ ನಿರ್ಣಯ ಬರುತ್ತದೆ. ಕೆಲಕಾಲದ ನಂತರ ಕಿರಿಯ ಮಗನಿಗೂ ಅದೇ. ಆ ದಿನಗಳಲ್ಲಿ ಅಮೆರಿಕದ ವೈದ್ಯರು ತಂದೆತಾಯಿಗಳಿಗೆ ಹೆಚ್ಚಿನ ಭರವಸೆ ಕೊಡುತ್ತಿರಲಿಲ್ಲ. ಅದಕ್ಕೂ ಹಿಂದೆ, 1967ರ ತನ್ನ ಪುಸ್ತಕದಲ್ಲಿ ಬ್ರೂನೋ ಬೆಟಲ್‌ಹೈಮ್, ತಾಯಿಯ ಪ್ರೀತಿ ತಣ್ಣಗಾದದ್ದೇ ಮಗು ಒಳಸರಿಯಲು ಕಾರಣವೆಂಬ ವಾದವನ್ನು ಹರಡಿದ್ದರು. ಈ ಕ್ರೂರ ಸುಳ್ಳಿನ ನೆರಳು ಪುಸ್ತಕದ ಮೇಲಿದೆ. ಲೇಖಕಿ ಅದರೊಡನೆ ಸೆಣಸುವ ಪುಟಗಳನ್ನು ನಮ್ಮ ಅತ್ತೆಯಂದಿರೂ ನೆರೆಹೊರೆಯವರೂ ಓದಬೇಕು. 'ಬಸುರಿಯಾಗಿದ್ದಾಗ ನೀನೇನು ತಿಂದೆ, ಏನು ನೋಡಿದೆ' ಎಂಬ ವಿಚಾರಣೆ ನಮ್ಮಲ್ಲಿನ್ನೂ ನಿಂತಿಲ್ಲ.

ದಿಕ್ಕೆಟ್ಟ ಲೇಖಕಿ ಕೊನೆಗೆ ಹಿಡಿಯುವ ದಾರಿ ಅನ್ವಯಿಕ ವರ್ತನಾ ವಿಶ್ಲೇಷಣೆ, ಚಿಕ್ಕದಾಗಿ ಎ.ಬಿ.ಎ. ಹೆಸರು ದೊಡ್ಡದಾದರೂ ತಿರುಳು ಸರಳ. ಒಂದು ವರ್ತನೆಗೆ ಮುನ್ನ ಏನಾಯಿತು, ವರ್ತನೆ ಏನು, ಅದರ ಬೆನ್ನಿಗೆ ಮಗುವಿಗೆ ಏನು ದೊರೆಯಿತು ಎಂಬುದನ್ನು ಗಮನಿಸಿ ಬರೆದಿಡಬೇಕು. ಕಲಿಸಬೇಕಾದುದನ್ನು ಚಿಕ್ಕ ಚಿಕ್ಕ ತುಣುಕುಗಳಾಗಿ ಒಡೆಯಬೇಕು. ಮಗುವಿನೆದುರು ಕುಳಿತು 'ಲೋಟ ಕೊಡು' ಎನ್ನಬೇಕು, ಗೊತ್ತಾಗದಿದ್ದರೆ ಕೈಹಿಡಿದು ಲೋಟದತ್ತ ಒಯ್ಯಬೇಕು, ಕೊಟ್ಟೊಡನೆ ಮಗುವಿಗೆ ಇಷ್ಟವಾದುದನ್ನು ಕೊಟ್ಟು ಕೊಂಡಾಡಬೇಕು, ಮತ್ತೆ ಹೇಳಬೇಕು. ಕೈಹಿಡಿಯುವ ನೆರವನ್ನು ದಿನದಿನಕ್ಕೆ ಕಡಿಮೆ ಮಾಡುತ್ತಾ ಬರಬೇಕು. 1968ರಲ್ಲಿ ಡೊನಾಲ್ಡ್ ಬೇರ್, ಮಾಂಟ್ರೋಸ್ ವುಲ್ಫ್ ಮತ್ತು ಟಾಡ್ ರಿಸ್ಲಿ ಎಂಬ ಮೂವರು ಈ ಶಾಸ್ತ್ರದ ಲಕ್ಷಣಗಳನ್ನು ಬರೆದಾಗ, ಕಲಿತದ್ದು ಕಲಿತ ಕೋಣೆಯಲ್ಲೇ ಉಳಿಯಬಾರದು, ಬೇರೆ ಸ್ಥಳಗಳಿಗೂ ಹರಡಬೇಕು, ಬಾಳಬೇಕು ಎಂಬುದನ್ನು ಒಂದು ಲಕ್ಷಣವಾಗಿಯೇ ಸೇರಿಸಿದರು. ಚಿಕಿತ್ಸಕಿಯ ಮೇಜಿನ ಮುಂದೆ ಲೋಟ ಕೊಡುವ ಮಗು, ಅಜ್ಜಿ ಅಡಿಗೆಮನೆಯಲ್ಲಿ ಕೇಳಿದರೆ ಸುಮ್ಮನೆ ನಿಲ್ಲಬಹುದು. ಆದ್ದರಿಂದಲೇ ಈ ಕೆಲಸ ಆಸ್ಪತ್ರೆಯಿಂದ ಹೊರಬಂದು ಮನೆ, ಶಾಲೆ, ಅಂಗಡಿ, ಆಟದ ಬಯಲುಗಳಿಗೆ ಬಂದಿತು.

ಲೇಖಕಿಗೆ ದಾರಿ ತೋರಿದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಯಲ್ಲಿದ್ದ, ನಾರ್ವೆ ಮೂಲದ ಮನೋವಿಜ್ಞಾನಿ ಇವಾರ್ ಲೋವಾಸ್ 1987ರಲ್ಲಿ ಪ್ರಕಟಿಸಿದ ವರದಿ. ವಾರಕ್ಕೆ 40 ಗಂಟೆಗಳಂತೆ ಎರಡು ವರ್ಷ ಅಥವಾ ಹೆಚ್ಚು ಕಾಲ ತರಬೇತಿ ಪಡೆದ 19 ಮಕ್ಕಳಲ್ಲಿ 9 ಮಂದಿ ಸಾಮಾನ್ಯ ಶಾಲೆಯ ಒಂದನೆಯ ತರಗತಿಯನ್ನು ಮುಗಿಸಿ, ಬುದ್ಧಿಮಟ್ಟದ ಪರೀಕ್ಷೆಯಲ್ಲೂ ಇತರ ಮಕ್ಕಳಿಗೆ ಸಮನಾದರೆಂದು ಅದು ಹೇಳಿತು. ಮುಳುಗುತ್ತಿರುವ ತಾಯಿಗೆ ಅದು ಹಗ್ಗದಂತೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಪುಸ್ತಕದ ಶಕ್ತಿ ಇರುವುದು ಮನೆಯೊಳಗಿನ ಚಿತ್ರದಲ್ಲಿ. ಪ್ರಾಣಿಗಳನ್ನು ಪಳಗಿಸುವಂತಿದೆಯಲ್ಲ ಇದು ಎಂಬ ಅಸಹ್ಯ ಲೇಖಕಿಗೆ ಮೊದಲಿಗೆ ಇರುತ್ತದೆ. ತರುಣ ಚಿಕಿತ್ಸಕಿ ಮನೆಗೆ ಬಂದು ಮಗುವನ್ನು ಕುರ್ಚಿಯಲ್ಲಿ ಕೂರಿಸಿದಾಗ ಮಗು ಅಳುತ್ತದೆ. ತಾಯಿಯ ಕರುಳು ಹರಿಯುತ್ತದೆ. ಅನಂತರ ಒಂದೊಂದೇ ಪದ, ಒಂದೊಂದೇ ನೋಟ. ಇದರ ಜೊತೆಗೇ ಮಗುವನ್ನು ಬಿಗಿದಪ್ಪಿ ಹಿಡಿಯುವ 'ಹೋಲ್ಡಿಂಗ್' ಎಂಬ ಇನ್ನೊಂದು ಚಿಕಿತ್ಸೆಯನ್ನೂ ಆಕೆ ನಂಬಿ ಮಾಡುತ್ತಾರೆ; ಬಳಿಕ ಅದರ ಪೊಳ್ಳುತನವನ್ನು ಕಂಡು, ತಾನು ಮೋಸಹೋದದ್ದನ್ನು ಮುಚ್ಚಿಡದೆ ಬರೆಯುತ್ತಾರೆ. ಪ್ರಾರ್ಥನೆಯ ಬಗ್ಗೆಯೂ ಅಷ್ಟೇ ಪ್ರಾಮಾಣಿಕತೆ. ಪವಾಡವನ್ನು ಸಾರುವ ಸಾಕ್ಷ್ಯಗಳನ್ನು ಓದಿ ಓದಿ ದಣಿದಿದ್ದ ನನಗೆ, ದುಡಿಮೆಯನ್ನು ದುಡಿಮೆಯೆಂದೇ ಕರೆದು ವಿಶ್ವಾಸವನ್ನೂ ಬಿಡದ ಈ ಬರವಣಿಗೆ ಹಿಡಿಸಿತು. ಕೊನೆಗೆ ಇಬ್ಬರು ಮಕ್ಕಳನ್ನೂ ಪರೀಕ್ಷಿಸಿದ ವೈದ್ಯರು ಆಟಿಸಂನ ಲಕ್ಷಣ ಉಳಿದಿಲ್ಲವೆನ್ನುತ್ತಾರೆ.

ಎರಡು ರಾತ್ರಿಗಳಲ್ಲಿ ಓದಿ ಮುಗಿಸಿ, ಆ ತಾಯಿಯನ್ನು ಕರೆಸಿ, "ಖಂಡಿತ ಮಾಡಿಸಮ್ಮ" ಎಂದೆ. ಪಕ್ಕದ ಪಟ್ಟಣದ ಒಂದು ಕೇಂದ್ರಕ್ಕೆ ಹುಡುಗನನ್ನು ಸೇರಿಸಿದರು. ಅಲ್ಲಿಂದ ಒಬ್ಬ ಯುವತಿ ಮನೆಗೂ ಬರತೊಡಗಿದಳು. ಖರ್ಚಿಗೆ ತಾಯಿಯ ಬಳೆಗಳು ಹೋದವು. ಎಂಟು ತಿಂಗಳಲ್ಲಿ ಹುಡುಗ ಮೊದಲ ಸಾಲಿನ ಬೆಂಚಿನಲ್ಲಿ, ಎರಡು ಕೈಗಳನ್ನು ತೊಡೆಯ ಮೇಲಿಟ್ಟು, ಇಡೀ ಬಲಿಪೂಜೆ ಮುಗಿಯುವವರೆಗೆ ಕದಲದೆ ಕುಳಿತ. ನಾನು ಬಲಿಪೀಠದಿಂದಲೇ ಆ ಕುಟುಂಬವನ್ನು ಅಭಿನಂದಿಸಿದೆ. ಜನ ಚಪ್ಪಾಳೆ ತಟ್ಟಿದರು. ಆ ಸದ್ದಿಗೂ ಅವನು ಕಿವಿ ಮುಚ್ಚಿಕೊಳ್ಳಲಿಲ್ಲ.

ಮುಂದಿನ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ತಾಯಿ ಅವನ ದಿಂಬಿನ ಮೇಲೆ ಕೀವನ್ನು ಕಂಡರು. ವೈದ್ಯರು ಕಿವಿಯೊಳಗೆ ನೋಡಿ, ತಮಟೆ ಒಡೆದಿದೆ, ಇದು ದಿನಗಟ್ಟಲೆ ನೋಯುತ್ತಿದ್ದಿರಬೇಕು ಎಂದರು. ಆ ದಿನಗಳಲ್ಲಿ ಅವನು ಅತ್ತಿರಲಿಲ್ಲ. ಕಿವಿಯ ಬಳಿ ಕೈಯನ್ನೂ ಒಯ್ದಿರಲಿಲ್ಲ. ಕೇಂದ್ರದಲ್ಲಿ ಅಳುವಿಗೆ ಗಮನ ಕೊಡಬಾರದೆಂದು ತಾಯಿಗೂ ಹೇಳಿಕೊಡಲಾಗಿತ್ತು. ಕಿವಿಗೆ ಹೋಗುವ ಕೈಯನ್ನು ತೊಡೆಗೆ ಇಳಿಸುವುದೇ ಅವನ ಪಾಠಗಳಲ್ಲಿ ಒಂದಾಗಿತ್ತು. ಆ ತಾಯಿ ನನ್ನೆದುರು ಕುಳಿತು ಹೇಳಿದ ಮಾತು ಒಂದೇ: "ಅವನು ಚೀರ್ತಿದ್ದಾಗ ನನಗೆ ಗೊತ್ತಾಗ್ತಿತ್ತು ಫಾದರ್."

ಆಮೇಲೆ ಪುಸ್ತಕವನ್ನು ಮತ್ತೆ ಓದಿದೆ. ಈ ಸಲ ಎರಡು ವಾರ ಹಿಡಿಯಿತು.

ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ. ನಮ್ಮೂರಿನ ಹುಡುಗನಿಗೆ ಆದದ್ದಕ್ಕೆ ನ್ಯೂಯಾರ್ಕಿನ ಲೇಖಕಿ ಹೊಣೆಯಲ್ಲ. ಬಲ್ಲ ವರ್ತನಾ ತಜ್ಞರು ಮಗುವಿನ ಯಾವುದೇ ವರ್ತನೆಯನ್ನು ತಗ್ಗಿಸಲು ಹೊರಡುವ ಮುನ್ನ ಮೈಯಲ್ಲಿ ನೋವಿದೆಯೇ ಎಂದು ವೈದ್ಯರಿಂದ ಪರೀಕ್ಷಿಸಿಕೊಳ್ಳುತ್ತಾರೆ. ಹಟ, ಚೀರಾಟ, ಹೊಡೆತಗಳೂ ಮಗು ಆಡಲಾರದ ಮಾತುಗಳೇ ಎಂದು ತೋರಿಸಿ, ಅವುಗಳ ಬದಲಿಗೆ ಕೇಳುವ ದಾರಿಯೊಂದನ್ನು ಕಲಿಸಬೇಕೆಂದವರು ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯುರಾಂಡ್. ಇವರು ಹೊರಗಿನ ಟೀಕಾಕಾರರಲ್ಲ, ಇದೇ ಶಾಸ್ತ್ರದ ವಿದ್ವಾಂಸರು. ಅವರ ಅಧ್ಯಯನ 1985ರದು, ಈ ಪುಸ್ತಕಕ್ಕಿಂತ ಎಂಟು ವರ್ಷ ಹಿಂದಿನದು. ಆದ್ದರಿಂದ ಎ.ಬಿ.ಎ. ಎಂದರೆ ಮಗುವನ್ನು ಮೂಕಗೊಳಿಸುವ ವಿದ್ಯೆ ಎನ್ನುವುದು ಅನ್ಯಾಯ. ಅದೇ ವಿದ್ಯೆಯಲ್ಲಿ ಮಗುವಿಗೆ 'ಬೇಡ' ಎನ್ನುವುದನ್ನು ಕಲಿಸುವ ದಾರಿಯೂ ಇತ್ತು. ನಾವು ಅದನ್ನು ಕೇಳಲಿಲ್ಲ. ನಾವು ಕೇಳಿದ್ದು ಸುಮ್ಮನೆ ಕೂರುವ ಮಗುವನ್ನು.

ಹಾಗಾದರೆ ಪುಸ್ತಕದ ಮೇಲೆ ನನ್ನ ಆಕ್ಷೇಪವೇನು? ಅದರ ಹೆಸರಿನಿಂದಲೇ ಆರಂಭಿಸುತ್ತೇನೆ. ನಿನ್ನ ದನಿಯನ್ನು ನನಗೆ ಕೇಳಿಸು ಎಂಬರ್ಥದ ಆ ಮಾತು ಪವಿತ್ರಗ್ರಂಥದ ಪರಮಗೀತೆಯಿಂದ ಬಂದದ್ದು. ಅಲ್ಲಿ ಪ್ರಿಯನು ಬಂಡೆಯ ಬಿರುಕಿನಲ್ಲಿ ಅಡಗಿದ ಪಾರಿವಾಳದಂತಿರುವ ಪ್ರಿಯೆಯನ್ನು ಕರೆಯುತ್ತಾನೆ. ಅವಳು ಏನು ಹೇಳಬೇಕೆಂದು ಅವನು ಹೇಳಿಕೊಡುವುದಿಲ್ಲ. ಅವಳ ದನಿ ಅವಳದೇ. ಇವನಿಗೆ ಅದು ಕೇಳಿಸಿದರೆ ಸಾಕು. ಪುಸ್ತಕದಲ್ಲಿ ನಡೆಯುವುದು ಬೇರೆ. ಇಲ್ಲಿ ಮಗು ಆಡಬೇಕಾದ ಪದ ಮೊದಲೇ ಹಾಳೆಯ ಮೇಲೆ ಇದೆ. ಮಗು ಅದನ್ನು ಆಡಿದಾಗ ಸರಿ ಗುರುತು ಬೀಳುತ್ತದೆ. ಮಾತನ್ನು ಕಲಿಸುವಾಗ ಇದು ಅನಿವಾರ್ಯವೆಂದು ಬಲ್ಲೆ. ನಾವೂ ಮಕ್ಕಳಿಗೆ ಪರಲೋಕ ಮಂತ್ರವನ್ನು ಹೀಗೆಯೇ ಬಾಯಿಪಾಠ ಮಾಡಿಸುತ್ತೇವೆ. ಆದರೆ ಇಡೀ ಪುಸ್ತಕದಲ್ಲಿ, ಆ ಮಗುವಿಗೆ ಕುರ್ಚಿ, ಬೆಳಕು, ಸದ್ದು, ಅಪರಿಚಿತರ ಕೈ ಹೇಗೆ ಅನುಭವಕ್ಕೆ ಬಂದಿರಬಹುದು ಎಂಬ ಕುತೂಹಲ ನನಗೆ ವಿರಳವಾಗಿ ಕಂಡಿತು. ತಾಯಿಯ ದನಿ ಪ್ರತಿ ಪುಟದಲ್ಲೂ ಇದೆ. ಮಗುವಿನ ದನಿ ಅವಳು ನಮ್ಮಂತೆ ಮಾತನಾಡತೊಡಗಿದ ನಂತರವೇ ದನಿಯೆಂದು ಎಣಿಕೆಗೆ ಬರುತ್ತದೆ.

ಎರಡನೆಯದು, ಕಥೆಯ ರೂಪ. ಇದು ಕಳೆದುಹೋದ ಮಗುವನ್ನು ಮರಳಿ ಪಡೆದ ಕಥೆ. ಆಟಿಸಂ ಒಂದು ಕತ್ತಲು. ಅದರ ಹಿಂದೆ ನಿಜವಾದ ಮಗು ಅಡಗಿದೆ. ಕತ್ತಲನ್ನು ಸೀಳಿ ಅವಳನ್ನು ಹೊರತರಬೇಕು. ವಿಚಿತ್ರವೆಂದರೆ ಈ ಪುಸ್ತಕ ಬಂದ 1993ರಲ್ಲೇ ಆಟಿಸಂ ಇರುವ ಜಿಮ್ ಸಿಂಕ್ಲೇರ್ ಎಂಬುವರು 'ನಮಗಾಗಿ ಶೋಕಿಸಬೇಡಿ' ಎಂಬರ್ಥದ ಹೆಸರಿನ ಒಂದು ಚಿಕ್ಕ ಬರಹವನ್ನು ತಂದೆತಾಯಂದಿರಿಗೆಂದೇ ಬರೆದರು. ಆಟಿಸಂ ಎಂಬುದು ಒಳಗೊಂದು ಸಾಮಾನ್ಯ ಮಗುವನ್ನು ಮುಚ್ಚಿಟ್ಟ ಚಿಪ್ಪಲ್ಲ, ಅದು ಆ ವ್ಯಕ್ತಿ ಇರುವ ರೀತಿಯೇ ಎಂಬುದು ಅವರ ವಾದ. ನೀವು ಅಳುತ್ತಿರುವುದು ನೀವು ಕನಸು ಕಂಡ ಮಗುವಿಗಾಗಿ. ಇಲ್ಲಿ ಹುಟ್ಟಿಬಂದಿರುವ ಮಗು ನಿಮಗಾಗಿ ಕಾಯುತ್ತಿದೆ ಎಂಬುದು ಅದರ ಭಾವ. ಇವೆರಡನ್ನೂ ಅಕ್ಕಪಕ್ಕ ಇಟ್ಟು ಓದಿದೆ. ಎರಡೂ ನೋವಿನಿಂದ ಬಂದ ಬರಹಗಳೇ. ಆದರೆ ಎರಡನೆಯದನ್ನು ಓದಿದ ಮೇಲೆ ಮೊದಲನೆಯದನ್ನು ಮೊದಲಿನಂತೆ ಓದಲಾಗುವುದಿಲ್ಲ.

ಮೂರನೆಯದು ಲೇಖಕಿಗಿಂತ ಲೋವಾಸ್‌ಗೆ ಸಂಬಂಧಿಸಿದ್ದು. ಆ 1987ರ ಅಧ್ಯಯನದಲ್ಲಿ ಗದರಿಕೆ ಹಾಗೂ ಅಗತ್ಯಬಿದ್ದಾಗ ತೊಡೆಯ ಮೇಲೆ ಏಟು ಕೂಡ ವಿಧಾನದ ಭಾಗವಾಗಿದ್ದವು. ಲೇಖಕಿ ತಮ್ಮ ಮನೆಯಲ್ಲಿ ಇಂಥದಕ್ಕೆ ಎಡೆಗೊಡಲಿಲ್ಲ. ಅದು ಅವರ ಹಿರಿಮೆ. ಆದರೆ ಹೊಡೆತವಿದ್ದ ಅಧ್ಯಯನದ ಫಲಿತಾಂಶವನ್ನು ಹೊಡೆತವಿಲ್ಲದ ಮನೆಯ ಭರವಸೆಗೆ ಆಧಾರವಾಗಿಡುವಲ್ಲಿನ ತೊಡಕನ್ನು ಓದುಗ ತಾನೇ ಗಮನಿಸಿಕೊಳ್ಳಬೇಕು. ಮೇಲಾಗಿ ಯಾವ ಮಗು ಯಾವ ಗುಂಪಿಗೆ ಎಂಬುದನ್ನು ಅಲ್ಲಿ ಚೀಟಿಯೆತ್ತಿ ನಿರ್ಧರಿಸಿರಲಿಲ್ಲ. 2018ರಲ್ಲಿ ಕಾಕ್ರೇನ್ ಸಂಸ್ಥೆಯ ಪರಿಶೀಲಕರು ಇಂಥ ತೀವ್ರ ತರಬೇತಿಯ ಬಗ್ಗೆ ಲೆಕ್ಕಕ್ಕೆ ತೆಗೆದುಕೊಳ್ಳಬಹುದಾದ ಅಧ್ಯಯನಗಳನ್ನು ಹುಡುಕಿದಾಗ ದೊರೆತವು ಐದು. ಎಲ್ಲ ಸೇರಿ 219 ಮಕ್ಕಳು. ಚೀಟಿಯೆತ್ತಿದ ಮಾದರಿಯದು ಒಂದೇ ಒಂದು. ಕೆಲವು ಮಕ್ಕಳಿಗೆ ಪ್ರಯೋಜನವಾಗುತ್ತದೆ ಎನ್ನಲು ಆಧಾರವಿದೆ, ಆದರೆ ಅದು ದುರ್ಬಲ ಆಧಾರ ಎಂಬುದು ಅವರ ತೀರ್ಮಾನ. ಶಿಕ್ಷೆಯ ನೆರಳೂ ಪೂರ್ತಿ ಸರಿದಿಲ್ಲ. ಮಸಾಚುಸೆಟ್ಸ್ ರಾಜ್ಯದ ಒಂದು ಸಂಸ್ಥೆಯಲ್ಲಿ ಬಳಸುತ್ತಿದ್ದ ವಿದ್ಯುತ್ ಆಘಾತದ ಸಾಧನವನ್ನು ಅಮೆರಿಕ ಸರಕಾರ 2020ರಲ್ಲಿ ನಿಷೇಧಿಸಿದರೂ 2021ರಲ್ಲಿ ನ್ಯಾಯಾಲಯ ಆ ನಿಷೇಧವನ್ನು ತಳ್ಳಿಹಾಕಿತು. ವರ್ತನಾ ವಿಶ್ಲೇಷಕರ ಅಂತರರಾಷ್ಟ್ರೀಯ ಸಂಘ ಅದನ್ನು ಸ್ಪಷ್ಟವಾಗಿ ವಿರೋಧಿಸಿದ್ದು 2022ರಲ್ಲಿ. ತಡವಾಯಿತು ಎನ್ನಲು ಯಾವ ಪದವಿಯೂ ಬೇಕಿಲ್ಲ.

ಇನ್ನು ಆ ತಾಯಿಯ ಮೂಲ ಪ್ರಶ್ನೆ: ಇದನ್ನು ನಾವು ಮನೆಯಲ್ಲಿ ಮಾಡಬಹುದೇ? ಪುಸ್ತಕದ ಮನೆ ನ್ಯೂಯಾರ್ಕ್ ನಗರದ ಒಂದು ಅನುಕೂಲಸ್ಥ ಮನೆ. ಇಂದು ಅಮೆರಿಕದ ಎಲ್ಲ ಐವತ್ತು ರಾಜ್ಯಗಳಲ್ಲೂ ಆಟಿಸಂ ಚಿಕಿತ್ಸೆಗೆ ವಿಮೆಯ ಕಾನೂನುಗಳಿವೆ. ಹಣ ಗಂಟೆಯ ಲೆಕ್ಕದಲ್ಲಿ ಬರುವುದರಿಂದ ಗಂಟೆಗಳು ಹೆಚ್ಚಿದಷ್ಟೂ ಕಂಪನಿಗಳಿಗೆ ಲಾಭ. ಮಗುವಿನೆದುರು ಕೂರುವ ಸಹಾಯಕರು ಬಹುಮಟ್ಟಿಗೆ 40 ಗಂಟೆಗಳ ತರಬೇತಿ ಮುಗಿಸಿ ಬಂದ ಯುವಜನ. ಮೇಲೆ ನೋಡುವ ತಜ್ಞರು ಬೇರೆ. ನಮ್ಮಲ್ಲಾದರೋ ವಿಮೆಯೂ ವಿರಳ, ಮೇಲೆ ನೋಡುವವರೂ ವಿರಳ. ಅಮೆರಿಕದ ಪ್ರಮಾಣಪತ್ರ ಮಂಡಳಿ 2023ರಿಂದ ಭಾರತದಲ್ಲಿರುವವರಿಗೆ ಹೊಸದಾಗಿ ಪ್ರಮಾಣಪತ್ರ ನೀಡುವುದನ್ನೂ ನಿಲ್ಲಿಸಿದೆ. ಹೀಗಾಗಿ ಗೋಡೆಯ ಮೇಲೆ ತೂಗುಹಾಕಿದ ಚೌಕಟ್ಟನ್ನು ನೋಡಿ ಮಾರುಹೋಗದೆ, ಆ ವ್ಯಕ್ತಿ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರೇ ಎಂದು ಕೇಳಿ. ಕೇಳಲು ಸಂಕೋಚ ಬೇಡ. ಪಾಠ ನಡೆಯುವಾಗ ತಾಯಿ ಒಳಗೆ ಬರಬಾರದು ಎನ್ನುವ ಕೇಂದ್ರದಿಂದ ಮಗುವನ್ನು ಕರೆದುಕೊಂಡು ಹೊರಬನ್ನಿ. ಮಗುವಿಗೆ ಮೊದಲು ಏನನ್ನು ಕಲಿಸುತ್ತೀರಿ ಎಂದು ಕೇಳಿ. ಕಣ್ಣಲ್ಲಿ ಕಣ್ಣಿಟ್ಟು ನೋಡುವುದು, ಕೈ ಕಟ್ಟಿ ಕೂರುವುದು ಎಂಬ ಉತ್ತರ ಬಂದರೆ ಯೋಚಿಸಿ. ಬೇಕು, ಬೇಡ, ನೋವು, ಸಾಕು ಎಂಬುವನ್ನು ಮಾತಿನಿಂದಲೋ ಸನ್ನೆಯಿಂದಲೋ ಚಿತ್ರದಿಂದಲೋ ತಿಳಿಸಲು ಕಲಿಸುತ್ತೇವೆ ಎಂದರೆ ಕುಳಿತು ಮಾತು ಮುಂದುವರಿಸಿ.

ಬಳೆ ಮಾರುವ ಮುನ್ನ ತಿಳಿದಿರಬೇಕಾದ ಸಂಗತಿಗಳೂ ಇವೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಆಟಿಸಂ ಅನ್ನು ಪಟ್ಟಿಯಲ್ಲಿ ಸೇರಿಸಿದೆ. ಅದರಂತೆ ಪ್ರಮಾಣಪತ್ರ ಪಡೆದ ಮಗುವಿಗೆ 6ರಿಂದ 18 ವರ್ಷದವರೆಗೆ ನೆರೆಯ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. ರಾಷ್ಟ್ರೀಯ ನ್ಯಾಸದ 'ನಿರಾಮಯ' ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ನೆರವಾಗುತ್ತದೆ. ನಾನಿದನ್ನು ತಿಳಿದದ್ದು ಬಳೆಗಳು ಹೋದ ಮೇಲೆ. ಧರ್ಮೋಪದೇಶ ತರಗತಿಗೆ ಇಂಥ ಮಕ್ಕಳನ್ನು ಸೇರಿಸಿಕೊಳ್ಳಲು ಹಿಂಜರಿಯುವ ನಮ್ಮ ಶಿಕ್ಷಕರಿಗೂ ಒಂದು ಮಾತು: ಧರ್ಮೋಪದೇಶವನ್ನು ಕುರಿತು 2020ರಲ್ಲಿ ರೋಮಿನಿಂದ ಬಂದ ಮಾರ್ಗದರ್ಶಿ, ಅಂಗವೈಕಲ್ಯವಿರುವವರಿಗೆ ಸಂಸ್ಕಾರಗಳನ್ನು ನಿರಾಕರಿಸುವಂತಿಲ್ಲವೆಂದು ಹೇಳುತ್ತದೆ. ಸುಮ್ಮನಿರುವುದನ್ನು ಕಲಿತ ಮೇಲೆ ಪರಮಪ್ರಸಾದ ಎಂಬ ಷರತ್ತು ಅದರಲ್ಲಿಲ್ಲ.

ಇನ್ನೊಂದು ನಷ್ಟವನ್ನು ಪುಸ್ತಕ ಹೇಳಿದರೂ ಹೇಳದಂತಿದೆ. ಮನೆಯೇ ತರಬೇತಿಯ ಕೋಣೆಯಾದಾಗ ತಾಯಿ ಎಲ್ಲಿಗೆ ಹೋಗಬೇಕು? ನಮ್ಮೂರಿನ ಆ ತಾಯಿ ಒಂದು ವರ್ಷ ಕಾಲ ಮಗನಿಗೆ ಬಿಸ್ಕತ್ತನ್ನು ಬರೀ ಬಿಸ್ಕತ್ತಾಗಿ ಕೊಡಲಿಲ್ಲ. ಪ್ರತಿಯೊಂದು ಚೂರೂ ಒಂದು ಉತ್ತರಕ್ಕೆ ಪ್ರತಿಫಲವಾಗಿತ್ತು. ಹುಡುಗನ ಅಜ್ಜಿ ಮಾತ್ರ ಈ ವ್ಯವಸ್ಥೆಗೆ ಒಪ್ಪದೆ, ಸೆರಗಿನ ಮರೆಯಲ್ಲಿ ಅವನ ಕೈಗೆ ಕೋಡುಬಳೆ ತುರುಕುತ್ತಿದ್ದರಂತೆ. ಕೇಂದ್ರದವರು ಅವರನ್ನು ಬೈದರು. ನಾನೂ ಬುದ್ಧಿ ಹೇಳಿದೆ. ಅವನು ಈಗಲೂ ತಾನಾಗಿ ಹೋಗಿ ಒರಗುವುದು ಆ ಅಜ್ಜಿಗೆ.

ಯೇಸುಸ್ವಾಮಿ ಕಿವುಡನೂ ತೊದಲನೂ ಆದವನನ್ನು ಗುಣಪಡಿಸಿದ ಪ್ರಸಂಗವನ್ನು ನಾನು ವರ್ಷಗಟ್ಟಲೆ ಬೋಧಿಸಿದ್ದೇನೆ. ಸಂತ ಮಾರ್ಕನ ಶುಭಸಂದೇಶದಲ್ಲಿ ಸ್ವಾಮಿಯು ಅವನನ್ನು ಮೊದಲು ಜನಜಂಗುಳಿಯಿಂದ ಪ್ರತ್ಯೇಕವಾಗಿ ಕರೆದೊಯ್ಯುತ್ತಾರೆಂಬ ಚಿಕ್ಕ ವಿವರ ನನ್ನ ಕಣ್ಣಿಗೆ ಬಿದ್ದದ್ದು ಈ ಹುಡುಗನ ಕಿವಿಯ ಘಟನೆಯ ನಂತರ. ನಾನು ಮಾಡಿದ್ದು ತದ್ವಿರುದ್ಧ: ಚಪ್ಪಾಳೆಯ ನಡುವೆ ಅವನನ್ನು ಕೂರಿಸಿದೆ.

ಹುಡುಗ ಈಗ ಬೇರೆ ಕಡೆಗೆ ಹೋಗುತ್ತಾನೆ, ವಾರಕ್ಕೆ ಕೆಲವೇ ಗಂಟೆ. ಅಲ್ಲಿನ ಶಿಕ್ಷಕಿಯೂ ಇದೇ ವಿದ್ಯೆಯವರೇ. ಬರೆದಿಡುತ್ತಾರೆ, ತುಣುಕು ಮಾಡಿ ಕಲಿಸುತ್ತಾರೆ. ಅವನ ಕೊರಳಲ್ಲಿ ಒಂದು ದಾರ, ಅದಕ್ಕೆ ಆರು ಚಿತ್ರದ ಕಾರ್ಡುಗಳು. ಕಳೆದ ಆಗಮನಕಾಲದ ಒಂದು ಭಾನುವಾರ ನಾನು ಪ್ರಬೋಧನೆ ಮಾಡುತ್ತಿದ್ದಾಗ ಮೊದಲ ಸಾಲಿನಲ್ಲಿ ಅವನು ಎದ್ದುನಿಂತು, ಕಾರ್ಡೊಂದನ್ನು ಆರಿಸಿ, ತೋಳು ಚಾಚಿ ನನ್ನತ್ತ ಹಿಡಿದ. ಅಂಗೈ ಎತ್ತಿ ತಡೆಯುವ ಚಿತ್ರ. ಕೆಳಗೆ 'ಸಾಕು' ಎಂದು ಬರೆದಿದೆ. ಜನ ನಕ್ಕರು. ತಾಯಿ ಅವನನ್ನು ಹೊರಗಿನ ಮಾವಿನ ಮರದ ಕೆಳಗೆ ಕರೆದೊಯ್ದರು. ನನ್ನ ಪ್ರಬೋಧನೆ ಇನ್ನೂ ಎರಡು ಪುಟ ಬಾಕಿಯಿತ್ತು. ಮಡಿಚಿ ಜೇಬಿಗೆ ಸೇರಿಸಿ, ವಿಶ್ವಾಸ ಸಂಗ್ರಹವನ್ನು ಆರಂಭಿಸಿದೆ.